ಹತ್ತು ತಂತಿಗಳ ತಪಾಸಣೆ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ, ಎರಡು ತಿಂಗಳು, ಹನ್ನೊಂದು ದಿನ ಇನ್‌ಸ್ಪೆಕ್ಟರಾಗಿ ಸೇವೆ ಸಲ್ಲಿಸಿದ ನಾನು, ಇನ್ನು ಮುಂದೆ ನನ್ನ ಮನೆಯ ಯಾವ ತಂತಿಯೂ ಕೂದಲೆಳೆಯಷ್ಟು ಸುಳ್ಳನ್ನೂ ಹೇಳಕೂಡದೆಂದು ಪ್ರತಿಜ್ಞೆ ಮಾಡಿದ್ದು ಒಂದು ಬುಧವಾರ, ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ. ಪ್ರತಿಜ್ಞೆಯನ್ನು ಬಾಯಿ ಬಿಟ್ಟು ಹೇಳಲಾಗಲಿಲ್ಲ. ಬಾಯಿ ಬಿಟ್ಟೇ ಇತ್ತು, ನಿಜ. ಆದರೆ ಅದರೊಳಗೆ ಎರಡು ಹತ್ತಿಯುಂಡೆ, ಒಂದು ಪುಟ್ಟ ಕನ್ನಡಿ, ಒಂದು ಕೊಳವೆ ಮತ್ತು ದಂತವೈದ್ಯರ ಎರಡು ಬೆರಳುಗಳಿದ್ದವು.

ಈ ದಂತವೈದ್ಯರು ವಾರದಲ್ಲಿ ಆರು ದಿನ ಹಲ್ಲು ಕೀಳುತ್ತಾರೆ. ಶನಿವಾರ ಮಧ್ಯಾಹ್ನ ಮಾತ್ರ, ಮೇಷ್ಟ್ರೊಬ್ಬರ ಮುಂದಾಳತ್ವದಲ್ಲಿ ಗ್ರಂಥಾಲಯದ ಮಹಡಿಯಲ್ಲಿ ಸೇರುವ ಎಂಟು ಜನರ ವಾದ್ಯತಂಡದಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಅದೇ ತಂಡದಲ್ಲಿ ನನ್ನ ಹೆಂಡತಿ ಹತ್ತೊಂಬತ್ತು ವರ್ಷಗಳಿಂದ ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಿದ್ದಾಳೆ. ಕುರ್ಚಿಯಲ್ಲಿ ಮಲಗಿರುವ ಮನುಷ್ಯ ಉತ್ತರ ಕೊಡಲಾರ ಎಂಬ ಧೈರ್ಯದಿಂದ ದಂತವೈದ್ಯರು ಮಾತು ತೆಗೆದರು.

"ಅಗಲಿಸಿ ಸಾರ್, ಇನ್ನೂ ಸ್ವಲ್ಪ. ಹೇಳೋಕೆ ಸಂಕೋಚ ಆಗುತ್ತೆ. ಮೇಡಂ ಗಿಟಾರು ಈಚೆಗೆ ಶ್ರುತಿ ಸೇರ್ತಿಲ್ಲ."

"ಆ," ಎಂದೆ.

"ನಾನೊಬ್ಬನೇ ಹೇಳ್ತಿರೋದಲ್ಲ. ವಯಸ್ಸಾಗ್ತಾ ಮೊದಲು ಕಿವಿ ಕೈ ಕೊಡುತ್ತೆ, ಆಮೇಲೆ ಹಲ್ಲು."

"ಆಆ."

"ನೀವೂ ಒಪ್ತೀರ ಅಂತ ಗೊತ್ತಿತ್ತು. ಅಷ್ಟು ಭಾರದ್ದನ್ನ ಹೊತ್ಕೊಂಡು ನಲವತ್ತು ಮೆಟ್ಟಿಲು ಹತ್ತೋ ಕಷ್ಟ ನಿಮಗೂ ತಪ್ಪುತ್ತೆ. ನನ್ನ ಕೀಬೋರ್ಡಲ್ಲಿ ಒಂದು ಗುಂಡಿ ಇದೆ, ಒತ್ತಿದ್ರೆ ಅದೇ ಗಿಟಾರಿನ ದನಿ. ಶನಿವಾರ ಮೇಷ್ಟ್ರು ಕೇಳಿ ತೀರ್ಮಾನ ಮಾಡ್ತಾರೆ, ಗಿಟಾರೋ ಗುಂಡಿಯೋ ಅಂತ. ಉಗೀರಿ."

ಉಗಿದೆ. ಅಷ್ಟು ಮನಃಪೂರ್ವಕವಾಗಿ ನಾನು ಜನ್ಮದಲ್ಲಿ ಉಗಿದಿರಲಿಲ್ಲ. ಮೆಟ್ಟಿಲುಗಳು ಮೂವತ್ತೆಂಟೇ ಹೊರತು ನಲವತ್ತಲ್ಲ ಎಂಬುದನ್ನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬೆರಳುಗಳು ಮತ್ತೆ ಬಾಯೊಳಗೆ ಬಂದವು. ಕಚ್ಚಬಹುದಿತ್ತು. ಸೇವಾವಧಿಯುದ್ದಕ್ಕೂ ಕಾಪಾಡಿಕೊಂಡು ಬಂದ ನಡತೆ ಅಡ್ಡ ಬಂದಿತು.

ಪೆಡಲ್ ಸ್ಟೀಲ್ ಗಿಟಾರನ್ನು ಕಾಣದ ಓದುಗರು ಅದರ ಹೆಸರಿನಿಂದ ಮೋಸಹೋಗಬಾರದು. ಅದನ್ನು ಹೆಗಲಿಗೆ ತಗಲಿಸಿಕೊಳ್ಳಲಾಗದು. ಅದು ನಾಲ್ಕು ಕಾಲಿನ ಉದ್ದನೆಯ ಮೇಜಿನಂತಿದೆ. ಮೇಲೆ ಹತ್ತು ಉಕ್ಕಿನ ತಂತಿಗಳು. ಕೆಳಗೆ ಪಾದಕ್ಕೆ ಮೂರು ಪೆಡಲುಗಳು, ಮೊಣಕಾಲಿಗೆ ನಾಲ್ಕು ಹಿಡಿಗಳು. ಎಡಗೈಯಿಂದ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ, ಬಲಗೈಯಿಂದ ಮೀಟುತ್ತ, ಪಾದದಿಂದ ಒತ್ತುತ್ತ, ಮೊಣಕಾಲಿನಿಂದ ತಳ್ಳುತ್ತ ನುಡಿಸಬೇಕು. ಪೆಡಲು ಒತ್ತಿದರೆ ಒಂದೆರಡು ತಂತಿಗಳು ಬಿಗಿಯಾಗಿ ಸ್ವರ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಪೆಟ್ಟಿಗೆ ಸಮೇತ ಅದರ ತೂಕ ಇಪ್ಪತ್ತೆಂಟು ಕಿಲೋ ನಾನೂರು ಗ್ರಾಂ. ನಾನೇ ತೂಗಿದ್ದೇನೆ.

ಹೋಟೆಲೊಂದರ ವಾದ್ಯಗೋಷ್ಠಿಯಲ್ಲಿದ್ದ ನನ್ನ ಹೆಂಡತಿಯ ಸೋದರಮಾವ ಅದನ್ನು ಅವಳಿಗೆ ಬಿಟ್ಟುಹೋದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ದುಡಿದವಳು ಅವಳು. ಅತ್ತಲಿನವರು "ಹಲೋ" ಎನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಇಂಥವರೆಂದು ಗುರುತಿಸುತ್ತಿದ್ದಳು. ಅಂಥವಳ ಕಿವಿ ಕೈಕೊಟ್ಟಿದೆಯೆಂದು ಹಲ್ಲಿನವರು ತೀರ್ಪು ಕೊಡುವುದೆ!

ಮನೆಗೆ ಬಂದು ಎಲ್ಲವನ್ನೂ ವರದಿ ಮಾಡಿದೆ. ನನ್ನ ಒಂದು ಕೆನ್ನೆ ಮರಗಟ್ಟಿದ್ದರಿಂದ ವರದಿ ಅರ್ಧ ಬಾಯಿಂದಲೇ ಹೊರಟಿತು. ಕೋಪ ಮಾತ್ರ ಪೂರ್ತಿ ಇತ್ತು.

"ಅವರಿಗೆ ಹಲ್ಲು ಗೊತ್ತು, ಬಿಡಿ," ಎಂದಳು ನನ್ನಾಕೆ.

"ಬಿಡುವುದು ಹೇಗೆ? ಇದು ಆರೋಪ. ಆರೋಪಕ್ಕೆ ದಾಖಲೆಯಿಂದ ಉತ್ತರ ಕೊಡಬೇಕು."

"ಶನಿವಾರ ನುಡಿಸ್ತೀನಲ್ಲ, ಅದೇ ಉತ್ತರ."

ಹೀಗೆಂದವಳು ಗಿಟಾರಿನ ಮುಂದೆ ಕುಳಿತು, ಒರೆಸಿದ್ದ ತಂತಿಗಳನ್ನೇ ಮತ್ತೆ ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದಳು: "ಒಂದು ಗುಂಡಿ ಒತ್ತಿದ್ರೆ ಬರುತ್ತೆ ಅಂದ್ರಾ?"

ಆ ಪ್ರಶ್ನೆಯ ದನಿ ನನಗೆ ಹಿಡಿಸಲಿಲ್ಲ. ಶನಿವಾರದ ಆ ಒಂದು ತಾಸಿಗಾಗಿ ಅವಳು ವಾರದ ಉಳಿದ ದಿನಗಳನ್ನೂ ನನ್ನನ್ನೂ ಸಹಿಸಿಕೊಂಡಿದ್ದಾಳೆಂದು ನಾನು ಬಲ್ಲೆ. ಆ ಜಾಗ ಹೋದರೆ ಅವಳಿಗೆ ಉಳಿಯುವುದು ನಾನೊಬ್ಬನೇ. ಆ ದಂಡನೆಗೆ ಅವಳು ಮಾಡಿದ ತಪ್ಪೇನೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ವಾದ್ಯದ ಅಂಗಡಿಗೆ ಹೋಗಿ ಎಲೆಕ್ಟ್ರಾನಿಕ್ ಟ್ಯೂನರ್ ಒಂದನ್ನು ತಂದೆ. ಅಂಗೈಯಗಲದ ಪೆಟ್ಟಿಗೆ. ತಂತಿಯನ್ನು ಮೀಟಿದರೆ ಅದು ಯಾವ ಸ್ವರವೆಂದು ಬರೆದು ತೋರಿಸುತ್ತದೆ. ಮುಳ್ಳು ನಡುವಿನ ಸೊನ್ನೆಯಲ್ಲಿ ನಿಂತರೆ ಸರಿ, ಎಡಕ್ಕೆ ವಾಲಿದರೆ ಕಡಿಮೆ, ಬಲಕ್ಕಾದರೆ ಹೆಚ್ಚು. ಒಂದು ಸ್ವರದಿಂದ ಪಕ್ಕದ ಸ್ವರಕ್ಕಿರುವ ಅಂತರವನ್ನು ನೂರು ಪಾಲು ಮಾಡಿ, ಒಂದೊಂದು ಪಾಲಿಗೆ ಸೆಂಟ್ ಎಂದು ಹೆಸರಿಟ್ಟಿದ್ದಾರೆ. ಇಂಥ ಒಂದು ಸಾಧನವನ್ನು ನಾನು ಅರವತ್ತೊಂಬತ್ತನೆಯ ವಯಸ್ಸಿನವರೆಗೆ ಕಾಣದಿದ್ದುದಕ್ಕೆ ನನಗೇ ಸಿಟ್ಟು ಬಂದಿತು.

ಅಂಗಡಿಯವರು, "ನಾನೂರ ನಲವತ್ತಕ್ಕೆ ಸೆಟ್ ಮಾಡಿದ್ದೀನಿ ಸಾರ್. ಎಲ್ಲಾ ವಾದ್ಯದೋರೂ ಒಪ್ಕೊಂಡಿರೋ ಲೆಕ್ಕ ಅದು. ಈ ಪಕ್ಕದ ಗುಂಡಿ ಮಾತ್ರ ಮುಟ್ಬೇಡಿ," ಎಂದರು.

"ಅಳತೆಯ ಸಾಧನವನ್ನು ಹೇಗೆ ಹಿಡಿಯಬೇಕೆಂದು ನನಗೆ ಪಾಠ ಹೇಳುತ್ತಿದ್ದೀರಾ?"

"ಇಲ್ಲ ಸಾರ್, ಎಲ್ಲರಿಗೂ ಹೇಳ್ತೀನಿ."

ಎಲ್ಲರಲ್ಲಿ ನಾನೂ ಒಬ್ಬನೆಂಬುದು ಇನ್ನೊಂದು ಅವಮಾನ. ಇಲಾಖೆಗೆ ಹೊಸದಾಗಿ ಸೇರಿದವರಿಗೆ ಇಪ್ಪತ್ತಾರು ವರ್ಷ ಪಾಠ ಹೇಳಿದವನು ನಾನು. ಪ್ರತಿ ತಂಡಕ್ಕೂ ಮೊದಲ ದಿನ ಕಪ್ಪು ಹಲಗೆಯ ಮೇಲೆ ಒಂದೇ ವಾಕ್ಯ ಬರೆಯುತ್ತಿದ್ದೆ: "ಮೊದಲು ನಿನ್ನ ಬಟ್ಟನ್ನು ಪರೀಕ್ಷಿಸು, ಆಮೇಲೆ ಅಂಗಡಿಯವನದನ್ನು." ಬಟ್ಟು ಎಂದರೆ ತೂಕದ ಬಟ್ಟು. ಆ ವಾಕ್ಯವನ್ನು ನನ್ನ ಹೆಂಡತಿ ಊಟದ ಹೊತ್ತಿನಲ್ಲಿ ಎಷ್ಟು ಸಲ ಕೇಳಿದ್ದಳೆಂದರೆ, ನಾನು ಬಾಯಿ ತೆರೆಯುವ ಮೊದಲೇ ಅವಳು ಮುಗಿಸುತ್ತಿದ್ದಳು.

ಶುಕ್ರವಾರ ಅವಳು ಅಭ್ಯಾಸಕ್ಕೆ ಕುಳಿತಾಗ ಟ್ಯೂನರನ್ನು ಗಿಟಾರಿನ ಪಕ್ಕದಲ್ಲಿಟ್ಟು ಒಂದೊಂದೇ ತಂತಿಯನ್ನು ಮೀಟಿಸಿದೆ. ಎಂಟು ತಂತಿಗಳು ಸೊನ್ನೆಯ ಆಸುಪಾಸಿನಲ್ಲಿದ್ದವು. ಮೂರನೆಯದೂ ಆರನೆಯದೂ ಹದಿಮೂರು ಸೆಂಟ್ ಕಡಿಮೆ. ನನ್ನ ಸ್ವಂತ ಮನೆಯಲ್ಲಿ, ನನ್ನ ಸ್ವಂತ ಹೆಂಡತಿ, ಹತ್ತೊಂಬತ್ತು ವರ್ಷ ಸಾರ್ವಜನಿಕರಿಗೆ ಕಡಿಮೆ ಅಳತೆ ಕೊಡುತ್ತ ಬಂದಿದ್ದಾಳೆ.

"ಮೂರನೆಯದು ಹದಿಮೂರು ಕಡಿಮೆ ಇದೆ," ಎಂದೆ.

"ಇರಲಿ."

"ಆರನೆಯದೂ ಹದಿಮೂರು ಕಡಿಮೆ."

"ಅದೂ ಇರಲಿ. ಅವೆರಡು ಇರಬೇಕಾದ್ದೇ ಹಾಗೆ."

"ಸಿಕ್ಕಿಬಿದ್ದ ಪ್ರತಿಯೊಬ್ಬ ವ್ಯಾಪಾರಿಯೂ ನನಗೆ ಇದೇ ಮಾತು ಹೇಳಿದ್ದಾನೆ."

"ನನ್ನನ್ನೂ ಹಿಡ್ಕೊಂಡು ಹೋಗಿ ಹಾಗಾದ್ರೆ. ಮೊದಲು ಪಕ್ಕಕ್ಕೆ ಸರೀರಿ, ಮೊಣಕಾಲು ತಗಲ್ತಿದೆ."

ಪಕ್ಕಕ್ಕೆ ಸರಿದೆ. ಕರ್ತವ್ಯದಿಂದ ಸರಿಯಲಿಲ್ಲ. ಆರೋಪದಲ್ಲಿ ಹುರುಳಿದೆಯೆಂದು ಯಂತ್ರವೇ ಸಾಕ್ಷಿ ಹೇಳಿದ ಮೇಲೆ ಉಳಿದ ದಾರಿ ಒಂದೇ: ಶನಿವಾರದೊಳಗೆ ಆ ತಂತಿಗಳನ್ನು ಅವಳಿಗೆ ಗೊತ್ತಾಗದಂತೆ ಸರಿಪಡಿಸಿ, ಅವಳ ಮಾನವನ್ನೂ ಅವಳ ಜಾಗವನ್ನೂ ಉಳಿಸುವುದು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಹೊಸ ಓದುವ ಕನ್ನಡಕ ತರಲು ಹೊರಟಳು. ಹತ್ತು ಹನ್ನೆರಡಕ್ಕೆ ನಾನು ತಪಾಸಣೆ ಆರಂಭಿಸಿದೆ.

ಕೋಣೆಯಲ್ಲಿ ಬೆಳಕು ಸಾಲದಿದ್ದುದರಿಂದ ಟ್ಯೂನರಿನ ದೀಪ ಹೊತ್ತಿಸಲೆಂದು ಪಕ್ಕದಲ್ಲಿದ್ದ ಗುಂಡಿಯನ್ನು ನಾಲ್ಕೈದು ಸಲ ಒತ್ತಿದೆ. ದೀಪ ಹೊತ್ತಲಿಲ್ಲ. ಕಳಪೆ ಸಾಮಾನು ಮಾರುವವರನ್ನು ಬೈದು, ಮೊದಲ ತಂತಿಯನ್ನು ಮೀಟಿದೆ. ಇಪ್ಪತ್ತು ಕಡಿಮೆ. ಎರಡನೆಯದು ಇಪ್ಪತ್ತು ಕಡಿಮೆ. ಮೂರನೆಯದು ಮೂವತ್ತಮೂರು ಕಡಿಮೆ. ನಿನ್ನೆ ಎರಡೇ ತಂತಿಗಳಲ್ಲಿದ್ದ ಅಪ್ರಾಮಾಣಿಕತೆ ಬೆಳಗಾಗುವುದರೊಳಗೆ ಹತ್ತಕ್ಕೂ ಹಬ್ಬಿತ್ತು. ಇಂಥದನ್ನು ನಾನು ಧಾನ್ಯದ ಮಾರುಕಟ್ಟೆಯಲ್ಲಿ ಕಂಡಿದ್ದೆ. ಒಂದು ಅಂಗಡಿಯ ತಕ್ಕಡಿ ಕೆಟ್ಟರೆ ವಾರದೊಳಗೆ ಇಡೀ ಸಾಲೇ ಕೆಡುತ್ತದೆ.

ಬಿಗಿಯಲಾರಂಭಿಸಿದೆ. ಒಂದನ್ನು ಸೊನ್ನೆಗೆ ತಂದರೆ, ಆ ಎಳೆತಕ್ಕೆ ಪಕ್ಕದ್ದು ಇಳಿಯುತ್ತಿತ್ತು. ಅದನ್ನು ತಂದರೆ ಮೊದಲಿನದು ಇಳಿಯುತ್ತಿತ್ತು. ಹತ್ತನೆಯದನ್ನು ಮುಗಿಸುವಾಗ ಮೊದಲಿನ ನಾಲ್ಕು ನನ್ನ ಬೆನ್ನ ಹಿಂದೆ ನಕ್ಕಂತಾಯಿತು. ಎರಡನೆಯ ಸುತ್ತಿನ ನಡುವೆ ಮುಳ್ಳು ತಾನಾಗಿಯೇ ಕುಣಿಯತೊಡಗಿತು. ಯಾವ ತಂತಿಯನ್ನೂ ಮುಟ್ಟದಿದ್ದರೂ ಪರದೆಯ ಮೇಲೆ ಸ್ವರ ಮೂಡುತ್ತಿತ್ತು. ಕಿವಿಗೊಟ್ಟಾಗ ತಿಳಿಯಿತು, ಅದು ಕೆಳಮನೆಯ ಟೈಲರ್ ಅವರ ಹೊಲಿಗೆ ಯಂತ್ರದ ಮೋಟಾರು. ಇಳಿದು ಹೋದೆ.

"ಇಪ್ಪತ್ತು ನಿಮಿಷ ಯಂತ್ರ ನಿಲ್ಲಿಸಬೇಕು," ಎಂದೆ, ಹಳೆಯ ಅಧಿಕಾರದ ಧ್ವನಿಯಲ್ಲಿ.

ಟೈಲರ್ ಗಾಬರಿಯಿಂದ ಎದ್ದು ನಿಂತರು. "ಮೇಲೆ ಯಾರಿಗಾದ್ರೂ ಹುಷಾರಿಲ್ವಾ ಸಾರ್? ಬೆಳಿಗ್ಗೆಯಿಂದ ಯಾರೋ ನರಳ್ತಿರೋ ಹಾಗೆ ಕೇಳಿಸ್ತಿದೆ."

"ಅದು ಗಿಟಾರು."

"ಅಮ್ಮಾವರು ನುಡಿಸೋದು ನಮಗೆ ಗೊತ್ತು ಸಾರ್. ಅದನ್ನ ಕೇಳ್ತಾ ಕಾಜಾ ಹಾಕ್ತೀವಿ. ಇದು ಬೇರೆ ಥರ ಇದೆ."

ಬಟ್ಟೆ ಹೊಲಿಯುವವರಿಂದಲೂ ವಿಮರ್ಶೆ. ಮೆಟ್ಟಿಲು ಹತ್ತಿ ಮೇಲೆ ಬಂದೆ.

ನಾಲ್ಕನೆಯ ಸುತ್ತಿಗೆ ಹತ್ತೂ ತಂತಿಗಳು ಸೊನ್ನೆಯಲ್ಲಿ ಸಾಲಾಗಿ ನಿಂತವು, ಶಾಲೆಯ ಮಕ್ಕಳಂತೆ. ಇನ್ನು ಪೆಡಲುಗಳು. ಪೆಡಲು ಒತ್ತಿದಾಗ ಸ್ವರ ಎಷ್ಟು ಏರಬೇಕೆಂಬುದನ್ನು ಗಿಟಾರಿನ ಬಲತುದಿಯ ಪುಟ್ಟ ತಿರುಪುಗಳಲ್ಲಿ ಹೊಂದಿಸಬೇಕು. ಪೆಡಲು ಕೆಳಗಿದೆ, ತಿರುಪು ತುದಿಯಲ್ಲಿದೆ, ಟ್ಯೂನರು ಮೇಲಿದೆ. ನನಗಿರುವುದು ಎರಡು ಕೈ. ಆಗ ನನ್ನ ದೃಷ್ಟಿ ಕಪಾಟಿನ ಮೇಲಿದ್ದ ಹಿತ್ತಾಳೆಯ ಬಟ್ಟಿನ ಮೇಲೆ ಬಿದ್ದಿತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ನೆನಪಿನ ಕಾಣಿಕೆ, ಸರಿಯಾಗಿ ಐದು ಕಿಲೋ, ಮುದ್ರೆ ಸಮೇತ. ಅದನ್ನೆತ್ತಿ ನಡುವಿನ ಪೆಡಲಿನ ಮೇಲಿಟ್ಟೆ. ಬಾಗಿ ತಿರುಪಿಗೆ ಕೈ ಹಾಕಿದೆ.

ನಡುವಿನ ಪೆಡಲು ಎಳೆಯುವುದು ಮೂರನೆಯ ತಂತಿಯನ್ನು. ಹತ್ತರಲ್ಲಿ ಅತ್ಯಂತ ತೆಳ್ಳನೆಯದು ಅದೇ. ಎಲ್ಲಕ್ಕಿಂತ ಹೆಚ್ಚು ನಾನು ಬಿಗಿದದ್ದೂ ಅದನ್ನೇ. ಅದು ಮೊದಲು ಸಣ್ಣಗೆ ಕುಯ್ಯೆಂದಿತು. ಆಮೇಲೆ ಪಟ್ಟೆಂದು ಹರಿದು ನನ್ನ ಬೆರಳ ಗೆಣ್ಣಿನ ಮೇಲೆ ಬಾರಿಸಿತು. ನಾನು ಹಿಂದಕ್ಕೆ ನೆಗೆದೆ. ನೆಗೆದ ರಭಸಕ್ಕೆ ಗಿಟಾರು ಅಲುಗಿತು, ಪೆಡಲು ಮೇಲೆದ್ದಿತು, ಬಟ್ಟು ಉರುಳಿತು. ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ಬಿದ್ದದ್ದು ಐದು ಕಿಲೋ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ಇಲಾಖೆಯ ಮುದ್ರೆಯ ಬಗ್ಗೆ ಇದ್ದ ನನ್ನ ನಂಬಿಕೆ ಆ ಕ್ಷಣ ಇನ್ನಷ್ಟು ಗಟ್ಟಿಯಾಯಿತು.

ಕೆಳಗಿನಿಂದ ಟೈಲರ್ ಕೂಗಿದರು: "ಸಾರ್, ಈಗ ಹೊಲೀಬಹುದಾ?"

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ನೆನೆದರೆ ಹೆಬ್ಬೆರಳು ಇನ್ನೂ ಸಿಡಿಯುತ್ತದೆ. ಅವಳ ಡಬ್ಬಿಯಿಂದ ಅದೇ ದಪ್ಪದ ಹೊಸ ತಂತಿಯೊಂದನ್ನು ಆರಿಸಿ ಹಾಕಿದೆ. ಹರಿದದ್ದನ್ನು ಪತ್ರಿಕೆಯಲ್ಲಿ ಸುತ್ತಿ ಅಡಗಿಸಿದೆ. ಎಲ್ಲವನ್ನೂ ಮತ್ತೆ ಸೊನ್ನೆಗೆ ತಂದೆ. ಕೊನೆಗೆ ನನ್ನ ಸ್ವಂತ ಕಾಗದದ ಮೇಲೆ, ಇಲಾಖೆಯ ಮಾದರಿಯಲ್ಲಿ, ಒಂದು ಪ್ರಮಾಣಪತ್ರ ಬರೆದೆ. ಸಾಧನದ ಹೆಸರು: ಸ್ಟೀಲ್ ಗಿಟಾರ್. ಕಂಡುಬಂದ ದೋಷ: ಹತ್ತೂ ತಂತಿಗಳು ಕಡಿಮೆ. ಕೈಗೊಂಡ ಕ್ರಮ: ಏರಿಸಲಾಗಿದೆ. ಪರಿಶೀಲಿಸಿದವರು: ನನ್ನ ಸಹಿ. ಅದನ್ನು ಗಿಟಾರಿನ ಮುಂಭಾಗಕ್ಕೆ ಎರಡು ಅಂಟುಪಟ್ಟಿಗಳಿಂದ ಅಂಟಿಸಿ, ಕಾಲುಗಳನ್ನು ಕಳಚಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅವಳು ಬಂದಾಗ ಹನ್ನೆರಡು ಗಂಟೆ ನಲವತ್ತು ನಿಮಿಷ.

"ಪ್ಯಾಕ್ ಮಾಡಿಬಿಟ್ಟಿದ್ದೀರಾ? ಏನು ವಿಶೇಷ?"

"ಸಹಾಯ ಮಾಡಬಾರದೆ?"

"ಮಾಡಬಹುದು. ಮಾಡಿದ್ದು ನೋಡಿರ್ಲಿಲ್ಲ. ಕಾಲು ಯಾಕೆ ಕುಂಟ್ತಿದೆ?"

"ಹಳೆಯ ನೋವು."

"ಹಳೆಯ ನೋವಿಗೆ ಹೊಸ ಬ್ಯಾಂಡೇಜಾ?"

ನಾನು ಪೆಟ್ಟಿಗೆಯ ಬೀಗವನ್ನು ಇನ್ನೊಮ್ಮೆ ಪರೀಕ್ಷಿಸಿದೆ. ಸರಿಯಾದ ಮಾಹಿತಿ ಕೊಡಲಾಗದ ಸಂದರ್ಭದಲ್ಲಿ ಮೌನವಾಗಿರುವುದು ಸುಳ್ಳಲ್ಲ.

ಮೂರೂ ಮುಕ್ಕಾಲಿಗೆ, ಹೆಬ್ಬೆರಳಿನ ಶಾಪಗಳೊಡನೆ, ಪೆಟ್ಟಿಗೆಯನ್ನು ಮೂವತ್ತೆಂಟು ಮೆಟ್ಟಿಲು ಏರಿಸಿದೆವು. ಮೇಷ್ಟ್ರು ಪಿಟೀಲಿನ ಬಿಲ್ಲನ್ನು ಒರೆಸುತ್ತ ಕುಳಿತಿದ್ದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ, ಅವರು ಕತ್ತೆತ್ತಿ ನೋಡಿದರೆ ಎದುರಿನವರಿಗೆ ತಾವು ಮನೆಪಾಠ ಮಾಡಿಲ್ಲವೆಂಬ ಅನುಮಾನ ಬರುತ್ತದೆ. ದಂತವೈದ್ಯರು ಕೀಬೋರ್ಡಿನ ಹಿಂದೆ ಹೊಳೆಯುತ್ತ ನಿಂತಿದ್ದರು. ನನ್ನಾಕೆ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದಾಗ ಪ್ರಮಾಣಪತ್ರವನ್ನು ಕಂಡಳು. ಕೈಚೀಲದಲ್ಲಿದ್ದ ಕನ್ನಡಕವನ್ನು ತೆಗೆಯಲು ಹೊರಟಳು. ಅಷ್ಟರಲ್ಲಿ ಮೇಷ್ಟ್ರು "ಶುರು ಮಾಡೋಣ" ಎಂದರು.

ಅವಳು ಮೊದಲ ಸ್ವರಮೇಳವನ್ನು ಮೀಟಿದಳು. ಎಲ್ಲರೂ ಜೊತೆಗೂಡಿದರು.

ಆದದ್ದನ್ನು ಹೇಗೆ ವರ್ಣಿಸಲಿ? ಏಳು ವಾದ್ಯಗಳು ಒಂದು ದಾರಿಯಲ್ಲಿ ನಡೆಯುತ್ತಿದ್ದವು, ಗಿಟಾರು ಚರಂಡಿಯ ಅಂಚಿನಲ್ಲಿ ನಡೆಯುತ್ತಿತ್ತು. ದಂತವೈದ್ಯರು, ತಮ್ಮ ಕುರ್ಚಿಯಲ್ಲಿ ಕುಳಿತವರೆಲ್ಲ ಮಾಡಿಕೊಳ್ಳುವ ಮುಖವನ್ನು ತಾವೇ ಮಾಡಿಕೊಂಡರು. ನನ್ನಾಕೆಯ ಕೈ ನಿಂತಿತು. ಅವಳು ತಂತಿಗಳನ್ನು ನೋಡಿದ ರೀತಿ, ಸ್ವಂತ ಮನೆಯ ಬೀಗಕ್ಕೆ ಕೀಲಿ ಹೊಂದದವರು ಬಾಗಿಲನ್ನು ನೋಡುವಂತಿತ್ತು.

"ನಾನು ಹೇಳ್ಲಿಲ್ವಾ ಮೇಷ್ಟ್ರೇ," ಎಂದರು ದಂತವೈದ್ಯರು, ತುಂಬ ಮೃದುವಾಗಿ.

ನಾನು ಎದ್ದು ನಿಂತೆ. "ಯಾರೂ ಅವಸರದ ತೀರ್ಮಾನಕ್ಕೆ ಬರಬಾರದು. ಈ ಗಿಟಾರಿನ ಹತ್ತೂ ತಂತಿಗಳು ಸೊನ್ನೆಯಲ್ಲಿವೆ. ಇಂದು ಬೆಳಿಗ್ಗೆ ನಾನೇ ಪರಿಶೀಲಿಸಿದ್ದೇನೆ. ಪ್ರಮಾಣಪತ್ರ ಅಂಟಿಸಲಾಗಿದೆ."

"ನೀವಾ?" ಎಂದಳು ನನ್ನಾಕೆ. ಎರಡೇ ಅಕ್ಷರ.

ಮೇಷ್ಟ್ರು ಕತ್ತೆತ್ತಿದರು. "ಹಾಗಾದ್ರೆ ತಪ್ಪು ಯಾರದು?"

"ಪರೀಕ್ಷಿಸಿದರೆ ತಿಳಿಯುತ್ತದೆ," ಎಂದು ಕುಂಟುತ್ತ ಹೋಗಿ ಟ್ಯೂನರನ್ನು ಕೀಬೋರ್ಡಿನ ಮುಂದೆ ಹಿಡಿದೆ. "ಒಂದು ಸ್ವರ ಒತ್ತಿ ಡಾಕ್ಟರೇ."

ಒತ್ತಿದರು. ಮುಳ್ಳು ಎಡಕ್ಕೆ ಬಿದ್ದಿತು. ಇಪ್ಪತ್ತು ಕಡಿಮೆ.

ಓದುಗರೇ, ಆ ಅರೆಗಳಿಗೆಯ ಸುಖಕ್ಕೆ ಹೆಬ್ಬೆರಳಿನ ನೋವನ್ನು ಇನ್ನೊಮ್ಮೆ ತಿನ್ನಬಲ್ಲೆ. ಮುಂದೆ ಕೊಳಲಿನವರನ್ನು ಊದಿಸಿದೆ. ಇಪ್ಪತ್ತು ಕಡಿಮೆ. ಮೇಷ್ಟ್ರ ಪಿಟೀಲನ್ನೂ ಬಿಡಲಿಲ್ಲ. ಇಪ್ಪತ್ತು ಕಡಿಮೆ. ನಡುಮನೆಯಲ್ಲಿ ಕಳ್ಳನನ್ನು ಹುಡುಕಲು ಹೋದವನಿಗೆ ಇಡೀ ಬೀದಿಯೇ ಸಿಕ್ಕಿಬಿದ್ದಿತ್ತು. ಕೋಣೆಯ ನಡುವೆ ನಿಂತು ನಾಲ್ಕು ಮಾತು ಆಡಿದೆ. ಅಳತೆಯೆಂಬುದು ಸಮಾಜದ ಬೆನ್ನೆಲುಬೆಂದು ಹೇಳಿದೆ. ಏಳು ಜನ ಸೇರಿ ಒಂದೇ ಸುಳ್ಳನ್ನು ಹೇಳಿದರೆ ಅದು ಸತ್ಯವಾಗುವುದಿಲ್ಲವೆಂದು ಹೇಳಿದೆ. ಈ ಊರಿನಲ್ಲಿ ಪ್ರಾಮಾಣಿಕವಾದ ವಾದ್ಯವೊಂದಿದ್ದರೆ ಅದು ನನ್ನ ಹೆಂಡತಿಯದೊಂದೇ ಎಂದೂ ಹೇಳಿದೆ. ಇನ್ನೂ ಹೇಳುವವನಿದ್ದೆ.

"ಕೊಡಿ ಇಲ್ಲಿ," ಎಂದು ನನ್ನಾಕೆ ಟ್ಯೂನರನ್ನು ತೆಗೆದುಕೊಂಡಳು. ಹೊಸ ಕನ್ನಡಕ ಹಾಕಿಕೊಂಡು ಪರದೆಯ ಮೂಲೆಯನ್ನು ಓದಿದಳು. "ಇಲ್ಲಿ ಸಣ್ಣಗೆ ನಾನೂರ ನಲವತ್ತೈದು ಅಂತಿದೆಯಲ್ರೀ. ನಾನೂರ ನಲವತ್ತು ಇರಬೇಕಲ್ವಾ?"

ಅವಳು ಟ್ಯೂನರನ್ನು ತಿರುಗಿಸಿ ಪಕ್ಕದ ಗುಂಡಿಯನ್ನು ನೋಡಿದಳು.

"ಯಾವುದಾದ್ರೂ ಗುಂಡಿ ಒತ್ತಿದ್ರಾ?"

"ದೀಪಕ್ಕಾಗಿ," ಎಂದೆ.

"ಎಷ್ಟು ಸಲ?"

"ನಾಲ್ಕೈದು." ನಿಖರವಾಗಿ ಹೇಳಬೇಕೆಂದರೆ, ಐದು. ಒತ್ತಿದಷ್ಟೂ ಯಂತ್ರದ ಸೊನ್ನೆ ಮೇಲೇರಿ, ಸರಿಯಿದ್ದದ್ದೆಲ್ಲ ಕಡಿಮೆಯಾಗಿ ಕಂಡಿತ್ತು.

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಮೊದಲು ನಿನ್ನ ಬಟ್ಟನ್ನು ಪರೀಕ್ಷಿಸು," ಎಂದಳು. ಉಳಿದರ್ಧವನ್ನು ಹೇಳಲಿಲ್ಲ. ಇಪ್ಪತ್ತಾರು ತಂಡಗಳ ವಿದ್ಯಾರ್ಥಿಗಳು ಗೋಡೆಯುದ್ದಕ್ಕೂ ನಿಂತು ನನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಅಳತೆಗೋಲನ್ನೇ ಕೆಡಿಸಿಕೊಂಡು ಊರನ್ನು ಅಳೆಯಲು ಹೊರಟ ಅಧಿಕಾರಿಯನ್ನು ನನ್ನ ಸೇವೆಯಲ್ಲಿ ಒಬ್ಬನನ್ನೂ ಕಂಡಿರಲಿಲ್ಲ. ಅವನಿಗಾಗಿ ನಿವೃತ್ತಿಯವರೆಗೆ ಕಾಯಬೇಕಾಯಿತು.

"ಮೇಷ್ಟ್ರೇ, ಹತ್ತು ನಿಮಿಷ ಕೊಡಿ," ಎಂದಳು ನನ್ನಾಕೆ.

"ಐದಕ್ಕೆ ಓದುಗರ ಸಭೆ ಇದೆ, ಕೋಣೆ ಬಿಡಬೇಕು. ಹತ್ತೇ ನಿಮಿಷ," ಎಂದರು ಮೇಷ್ಟ್ರು.

ಅವಳು ದಂತವೈದ್ಯರಿಂದ ಒಂದೇ ಸ್ವರ ಕೇಳಿ ಪಡೆದು, ಹತ್ತು ತಂತಿಗಳನ್ನೂ ಕಿವಿಯಿಂದಲೇ ಇಳಿಸಲಾರಂಭಿಸಿದಳು. ನಾನು ಟ್ಯೂನರನ್ನು ನಾನೂರ ನಲವತ್ತಕ್ಕೆ ತಂದು, ಮೂರು ಸಲ ಓದಿ ಖಚಿತಪಡಿಸಿಕೊಂಡು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತೆ. ಒಂದೊಂದೇ ತಂತಿ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಅವಳು ಮುಳ್ಳನ್ನು ನೋಡುತ್ತಿರಲೂ ಇಲ್ಲ. ನನಗೆ ಕಣ್ಣು ಮಂಜಾಯಿತು. ಮೂರನೆಯ ತಂತಿಗೆ ಬಂದಳು. ಮುಳ್ಳು ಎಡಕ್ಕೆ ವಾಲಿತು. ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋದಳು.

ತಡೆದುಕೊಳ್ಳಲು ಯತ್ನಿಸಿದೆ. ನಿಜವಾಗಿಯೂ ಯತ್ನಿಸಿದೆ.

"ಹದಿಮೂರು ಕಡಿಮೆ," ಎಂದುಬಿಟ್ಟೆ.

ದಂತವೈದ್ಯರು ತಕ್ಷಣ ಎದ್ದರು. "ಕೇಳಿದ್ರಾ ಮೇಷ್ಟ್ರೇ? ಯಜಮಾನ್ರೇ ಹೇಳ್ತಿದ್ದಾರೆ. ಈಗ ಯಂತ್ರವೂ ಸರಿ ಇದೆ."

ಅವಳ ಜಾಗವನ್ನು ಉಳಿಸಲು ಬಂದವನು ನಾನು. ಅದನ್ನು ಕೈಯಾರೆ ತಟ್ಟೆಯಲ್ಲಿಟ್ಟು ಶತ್ರುವಿಗೆ ಕೊಟ್ಟಿದ್ದೆ. ನಾಲಗೆ ಕಡಿದುಕೊಂಡೆ, ಬುಧವಾರ ಸರಿಪಡಿಸಿದ ಹಲ್ಲು ಅದಕ್ಕೆ ಚೆನ್ನಾಗಿಯೇ ಒದಗಿತು.

ನನ್ನಾಕೆಗೆ ಕೋಪ ಬಂದದ್ದು ನನಗೆ ಗೊತ್ತಾಯಿತು, ಏಕೆಂದರೆ ಅವಳ ಮಾತು ತೀರ ಮೆಲ್ಲಗಾಯಿತು. "ಇಬ್ಬರೂ ಬನ್ನಿ ಇಲ್ಲಿ. ಕೂತ್ಕೊಳ್ಳಿ. ಕಣ್ಣು ಮುಚ್ಚಿ."

ನಾನೂ ದಂತವೈದ್ಯರೂ ಪಕ್ಕಪಕ್ಕದ ಮಡಿಸುವ ಕುರ್ಚಿಗಳಲ್ಲಿ, ತಪ್ಪು ಮಾಡಿದ ಹುಡುಗರಂತೆ, ಕಣ್ಣು ಮುಚ್ಚಿ ಕುಳಿತೆವು.

"ಈಗ ಮೂರನೆಯದನ್ನ ಯಂತ್ರ ಹೇಳೋ ಸೊನ್ನೆಗೆ ತರ್ತೀನಿ. ಮೇಷ್ಟ್ರೇ, ನೀವೇ ನೋಡಿ ಹೇಳಿ." ಮೇಷ್ಟ್ರು "ಬಂತು" ಎಂದರು. ಅವಳು ಆ ತಂತಿಯನ್ನು ಇನ್ನೆರಡರ ಜೊತೆಗೂಡಿಸಿ ಮೀಟಿದಳು. ಸ್ವರಗಳು ಒಂದರ ಮೇಲೊಂದು ಉಜ್ಜಿಕೊಂಡು ನಡುಗಿದವು. ಪಕ್ಕದಲ್ಲಿ ದಂತವೈದ್ಯರು ಹಲ್ಲಿನ ನಡುವೆ ಗಾಳಿ ಎಳೆದುಕೊಂಡರು.

"ಒಂಟಿಯಾಗಿ ಅದು ಸರಿಯೇ. ಜೊತೆಯವರ ಜೊತೆ ನಿಂತಾಗ ಕಾಲು ತುಳಿಯುತ್ತೆ. ಈಗ ನಿಧಾನಕ್ಕೆ ಇಳಿಸ್ತೀನಿ. ಯಾವಾಗ ಸಾಕು ಅನ್ಸುತ್ತೋ ಆಗ ಹೇಳಿ."

ಅವಳು ಮೀಟುತ್ತ ಇಳಿಸಿದಳು. ನಡುಕ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ, ಕಲಕಿದ ನೀರು ತಿಳಿಯಾದಂತೆ, ಮೂರು ತಂತಿಗಳು ಒಂದೇ ದನಿಯಾದವು.

"ಸಾಕು," ಎಂದೆ.

"ಸಾಕು," ಎಂದರು ದಂತವೈದ್ಯರು, ಅದೇ ಕ್ಷಣಕ್ಕೆ.

ಕಣ್ಣು ಬಿಟ್ಟೆ. ಮೇಷ್ಟ್ರು ಟ್ಯೂನರನ್ನು ನಮ್ಮಿಬ್ಬರ ಮೂಗಿನ ಮುಂದೆ ಹಿಡಿದಿದ್ದರು. ಮುಳ್ಳು ಹದಿಮೂರು ಕಡಿಮೆಯಲ್ಲಿತ್ತು. ಹನ್ನೆರಡಲ್ಲ, ಹದಿನಾಲ್ಕಲ್ಲ. ಕೋನ ಬದಲಿಸಿ ಮೂರು ಸಲ ನೋಡಿದೆ. ಮುಳ್ಳಿಗೆ ನಾಚಿಕೆಯೆಂಬುದಿರಲಿಲ್ಲ.

ಆಮೇಲೆ ಅವಳು ನುಡಿಸಿದಳು. ಆ ಬಗ್ಗೆ ನಾನು ಬರೆಯುವುದಿಲ್ಲ. ಅದಕ್ಕೆ ನನ್ನ ಬಳಿ ಏಕಮಾನವಿಲ್ಲ. ಮುಗಿದಾಗ ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತ, "ಡಾಕ್ಟ್ರೇ, ಆ ಗುಂಡಿಗೆ ಬೇರೆ ಕೆಲಸ ಹುಡುಕಿ. ಮುಂದಿನ ವಾರದಿಂದ ಎಲ್ಲರೂ ಮೇಡಂ ಗಿಟಾರಿಗೆ ಶ್ರುತಿ ಕೂಡಿಸ್ಕೊಳ್ಳಿ," ಎಂದರು. ದಂತವೈದ್ಯರು ತಲೆಯಾಡಿಸಿದರು. ನನ್ನ ಕಡೆ ತಿರುಗಿ, "ಸಾರ್, ಬುಧವಾರ ಇನ್ನೊಂದು ಹಲ್ಲು ನೋಡೋದಿದೆ," ಎಂದು ನೆನಪಿಸಿದರು. ಸೇಡು ಎಂಬುದಕ್ಕೆ ಎಷ್ಟು ಬಗೆಯ ಉಪಕರಣಗಳಿವೆ ನೋಡಿ.

ಪೆಟ್ಟಿಗೆ ಹೊತ್ತು ಇಳಿಯುವ ಮೊದಲು, ನನ್ನಾಕೆ ದಂತವೈದ್ಯರ ಪೆನ್ನನ್ನು ಕೇಳಿ ತೆಗೆದುಕೊಂಡು ಕಿಟಕಿಯ ಬಳಿ ಏನನ್ನೋ ಗೀಚುತ್ತಿದ್ದುದನ್ನು ಕಂಡೆ. ಮುಂದಿನ ವಾರದ ಹಾಡುಗಳ ಪಟ್ಟಿಯೆಂದು ಭಾವಿಸಿದೆ. ಬಾಗಿಲಲ್ಲಿ ಅವಳು ಹಿಂದಿನಿಂದ ಬಂದು, "ಕೋಟಿನ ಮೇಲೆ ಧೂಳು," ಎಂದು ನನ್ನ ಬೆನ್ನನ್ನು ಎರಡು ಸಲ ಮೃದುವಾಗಿ ತಟ್ಟಿದಳು. ಕ್ಷಮೆ ಸಿಕ್ಕಿತೆಂದುಕೊಂಡೆ. ಇಷ್ಟಾದ ಮೇಲೂ ಇಂಥ ಅಕ್ಕರೆ ತೋರುವ ಹೆಂಗಸು ಸಿಗುವುದು ಸುಲಭವಲ್ಲವೆಂದು ಮನಸ್ಸಿನಲ್ಲಿ ದಾಖಲಿಸಿದೆ.

ದಾರಿಯುದ್ದಕ್ಕೂ ಜನ ನನ್ನನ್ನು ದಾಟಿದ ಮೇಲೆ ತಿರುಗಿ ತಿರುಗಿ ನೋಡುತ್ತಿದ್ದರು. ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹೆಂಗಸರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಆಗಲೇ ಅನುಮಾನ ಬರಬೇಕಿತ್ತು. ಜನರ ನಡತೆ ದಿನದಿನಕ್ಕೆ ಕೆಡುತ್ತಿದೆಯೆಂದು ನನ್ನಾಕೆಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ಹೌದು," ಎಂದಳು. ಮನೆಯ ಮೆಟ್ಟಿಲ ಬಳಿ ಟೈಲರ್, ನಾನು ಮೇಲೇರುವಾಗ ಹಿಂದಿನಿಂದ ಏನನ್ನೋ ಓದಿದಂತೆ ತುಟಿಯಾಡಿಸಿ, ಅಮ್ಮಾವರಿಗೆ ಕೈಮುಗಿದರು. ನನಗಲ್ಲ.

ಕೋಟು ಕಳಚಿ ಗೂಟಕ್ಕೆ ಹಾಕುವಾಗ ಬೆನ್ನಿನ ಕಡೆ ನನ್ನದೇ ಅಕ್ಷರಗಳು ಕಂಡವು. ಎರಡು ಅಂಟುಪಟ್ಟಿ, ಇಲಾಖೆಯ ಮಾದರಿ. ಸ್ಟೀಲ್ ಗಿಟಾರ್ ಎಂಬುದನ್ನು ಹೊಡೆದುಹಾಕಿ, ಅಂಕಣಗಳನ್ನು ಅವಳು ಒಂದೂ ಖಾಲಿ ಬಿಡದೆ ಮತ್ತೆ ತುಂಬಿದ್ದಳು.

ಸಾಧನದ ಹೆಸರು: ನಮ್ಮ ಯಜಮಾನರು. ಕಂಡುಬಂದ ದೋಷ: ಹದಿಮೂರು ಹೆಚ್ಚು. ಕೈಗೊಂಡ ಕ್ರಮ: ಇಳಿಸಲಾಗಿದೆ. ಪರಿಶೀಲಿಸಿದವರು: ಅವಳ ಸಹಿ.

ದೀಪದ ಕೆಳಗೆ ಕುಳಿತು, ಕನ್ನಡಕ ಹಾಕಿಕೊಂಡು, ಆ ಪ್ರಮಾಣಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ತಪಾಸಣೆ ಮಾಡಿದೆ. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಅದನ್ನು ರದ್ದುಪಡಿಸಬೇಕೆಂದಿದ್ದೆ. ಸಿಗಲಿಲ್ಲ.